ಸ್ಕೇಯನ್‌ಗೆ ಎರಡನೇ ಸಲ, ಈ ಸಲ ಅಮ್ಮನ ಜೊತೆ

ಸ್ಕೇಯನ್ ಡೆನ್ಮಾರ್ಕಿನ ಉತ್ತರ ತುದಿಯ ಊರು. ಮೊದಲ ಸಲ ಹೋದಾಗ ನನಗೆ ಊರಿನ ಹೆಸರು ಹೇಳುವುದಕ್ಕೂ ಬರುತ್ತಿರಲಿಲ್ಲ. ಅದೇ ಹೆಸರಿನ ಕಂಪನಿಯ ವಾಚಿನ ಮೇಲೆ ಓದಿದಂತೆ 'ಸ್ಕಾಗೆನ್' ಎನ್ನುತ್ತಿದ್ದೆ. ಆಫೀಸಿನವರು ನಕ್ಕು 'ಸ್ಕೇಯನ್' ಎಂದು ತಿದ್ದಿದರು.

ಹೋಗಿದ್ದು ಜುಲೈನಲ್ಲಿ, ಒಂದೇ ದಿನಕ್ಕೆ. ಅದೂ 29ನೇ ವಾರದಲ್ಲಿ. ಡೇನರು ತಾರೀಕಿಗಿಂತ ವಾರದ ನಂಬರಿನಲ್ಲೇ ಜಾಸ್ತಿ ಮಾತಾಡುತ್ತಾರೆ. ಕೋಪನ್‌ಹೇಗನ್ನಿನ ದುಡ್ಡಿದ್ದವರ ಮಕ್ಕಳು ಸ್ಕೇಯನ್‌ಗೆ ಬಂದು ಪಾರ್ಟಿ ಮಾಡುವ ವಾರ ಅದು ಅಂತ ನನಗೇನು ಗೊತ್ತು? ಕೂರಲು ಜಾಗ ಸಿಗಲಿಲ್ಲ. ಎರಡು ಸಮುದ್ರ ಕೂಡುವ ತುದಿಗೆ ಓಡಿದೆ, ಫೋಟೋ ತೆಗೆದೆ, ರೈಲು ಹತ್ತಿದೆ. ಊರು ನೋಡಿದೆ ಅಂತ ಆಗ ಅಂದುಕೊಂಡಿದ್ದೆ.

ಎರಡನೇ ಸಲ ಹೋಗಿದ್ದು ಸೆಪ್ಟೆಂಬರಿನಲ್ಲಿ, ಎರಡು ರಾತ್ರಿ ಉಳಿಯುವ ಹಾಗೆ. ಊರಿಂದ ಅಮ್ಮ ಬಂದಿದ್ದಳು. ನಮ್ಮದು ಗಂಗೊಳ್ಳಿ. ಅಪ್ಪಯ್ಯ ಬೋಟಿಗೆ ಹೋಗುತ್ತಿದ್ದರು, ಅಮ್ಮ ಇಪ್ಪತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳು. ಕೋಪನ್‌ಹೇಗನ್ನಿನ ಅರಮನೆ ತೋರಿಸಿದಾಗ ಆಕಳಿಸಿದ್ದಳು. ಸರಿ, ಮೀನಿನ ಊರಿಗೇ ಹೋಗೋಣ ಅಂದೆ.

ನಾನಿರುವ ಓರ್ಹುಸ್‌ನಿಂದ ರೈಲಿನಲ್ಲಿ ಸುಮಾರು ಮೂರೂವರೆ ಗಂಟೆ. ದಾರಿಯಲ್ಲಿ ಇಳಿದು ಚಿಕ್ಕ ರೈಲು ಹಿಡಿಯಬೇಕು. ಮೊದಲೇ ಬುಕ್ ಮಾಡಿದರೆ 'ಆರೆಂಜ್' ಟಿಕೆಟ್ ಅಗ್ಗಕ್ಕೆ ಸಿಗುತ್ತದೆ. ಉಳಿಯುವ ಜಾಗದ ಬಗ್ಗೆ ಒಂದು ಮಾತು: ಕೋಣೆ ಬುಕ್ ಮಾಡುವಾಗ ಹಾಸಿಗೆ ಬಟ್ಟೆ, ಟವೆಲ್ ಸೇರಿದೆಯಾ ನೋಡಿಕೊಳ್ಳಿ. ನಾವು ಹೋದ ಕಡೆ ಸೇರಿರಲಿಲ್ಲ. ಇಬ್ಬರಿಗೂ ಬೇರೆ ದುಡ್ಡು ಕೊಟ್ಟೆ. ಅಮ್ಮನಿಗೆ ಅದನ್ನು ಹೇಳಲಿಲ್ಲ.

ಈ ಸಲ ತುದಿಗೆ ಓಡಲಿಲ್ಲ. ಬೆಳಿಗ್ಗೆ ಎದ್ದು ನೇರ ಬಂದರಿಗೆ ಹೋದೆವು. ಇಲ್ಲಿ ಏಳೆಂಟು ಸಾವಿರ ಜನ ಇದ್ದಾರೆ ಅಷ್ಟೇ, ಆದರೆ ಡೆನ್ಮಾರ್ಕಿನ ದೊಡ್ಡ ಮೀನುಗಾರಿಕೆ ಬಂದರುಗಳಲ್ಲಿ ಇದೂ ಒಂದು. ಹೆರಿಂಗ್, ಬಂಗುಡೆ ಹಿಡಿಯುವ ಟ್ರಾಲರುಗಳು ನಮ್ಮೂರಿನ ಬೋಟುಗಳನ್ನು ಹೊಟ್ಟೆಯಲ್ಲಿ ಹಾಕಿಕೊಳ್ಳುವಷ್ಟು ದೊಡ್ಡವು. ಅವುಗಳ ಪಕ್ಕದಲ್ಲೇ ನೀಲಿ ಬಣ್ಣದ ಸಣ್ಣ ಬೋಟುಗಳು. ದಡದಲ್ಲಿ ಕೆಂಪು ಬಣ್ಣದ ಮರದ ಕಟ್ಟಡಗಳ ಸಾಲು. ಬಂದರು ಶುರುವಾದ 1907ರ ಹೊತ್ತಿಗೆ ಥೊರ್ವಾಲ್ಡ್ ಬಿಂಡೆಸ್‌ಬೊಲ್ ಎಂಬ ವಾಸ್ತುಶಿಲ್ಪಿ ಮೀನಿನ ದಾಸ್ತಾನಿಗೆಂದು ಮಾಡಿಕೊಟ್ಟ ನಕ್ಷೆ ಇದು. ಈಗ ಅಲ್ಲಿ ಮೀನಿನ ಹೋಟೆಲುಗಳಿವೆ. ಮಧ್ಯಾಹ್ನ ಅಲ್ಲೇ ಮೀನಿನ ವಡೆ ತಿಂದೆವು. ಫಿಸ್ಕೆಫ್ರಿಕಡೆಲ್ಲರ್ ಅಂತಾರೆ. ಅದ್ದಿಕೊಳ್ಳಲು ಹಳದಿ ರೆಮೂಲಾಡ್. 'ಉಪ್ಪುಂಟು, ಖಾರ ಇಲ್ಲೆ' ಅಂದಳು ಅಮ್ಮ. ಬ್ಯಾಗಿನಿಂದ ಉಪ್ಪಿನಕಾಯಿ ಬಾಟಲಿ ಹೊರಬಂತು.

ಮೀನಂಗಡಿಯಲ್ಲಿ ಐಸ್ ಮೇಲೆ ಚಪ್ಪಟೆ ಮೀನು ಹರಡಿದ್ದರು. ಕಂದು ಮೈ ಮೇಲೆ ಕುಂಕುಮದ ಬೊಟ್ಟಿಟ್ಟಂತೆ ಕೆಂಪು ಚುಕ್ಕೆ. ಎರಡು ಕಣ್ಣೂ ಒಂದೇ ಕಡೆ. ರೋಡ್‌ಸ್ಪೆಟ್ಟೆ ಅಂತ ಹೆಸರು. ಅಮ್ಮ ಬಗ್ಗಿ ನೋಡಿದಳು. 'ಇದ್ ನಮ್ ನಂಗ್ ಅಲ್ದಾ ಮಗಾ?' ನಂಗ್ ಅಂದರೆ ನಮ್ಮ ಕಡಲಿನ ಚಪ್ಪಟೆ ಮೀನು, ಇದು ಅದರ ದೊಡ್ಡಣ್ಣ ಅನ್ನಬಹುದು. ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಕಿವಿರು ಎತ್ತಿ ಒಳಗಿನ ಕೆಂಪು ನೋಡಿದಳು. ಗ್ಲೌಸ್ ಹಾಕಿಕೊಂಡಿದ್ದ ಅಂಗಡಿ ಹೆಂಗಸು ಬಯ್ಯುತ್ತಾಳೇನೋ ಅಂತ ನಾನು ಹೆದರಿದೆ. ಅವಳು ನಕ್ಕಳು, ಬೇರೆ ಮೀನಿನ ಕಿವಿರು ಎತ್ತಿ ತೋರಿಸಿದಳು. ಇಬ್ಬರಿಗೂ ಭಾಷೆ ಬೇಕಾಗಲಿಲ್ಲ.

ಬಂದರು ಬರುವ ಮೊದಲು ಇಲ್ಲಿನವರು ದೋಣಿಯನ್ನು ಮರಳಿನ ಮೇಲೆ ಎಳೆದು ಇಡುತ್ತಿದ್ದರು. ರೈಲು ಬಂದಿದ್ದು 1890ರಲ್ಲಿ. ಅದಕ್ಕೂ ಮುಂಚೆ ಸರಿಯಾದ ರಸ್ತೆಯಿಲ್ಲ, ಕಡಲ ದಂಡೆಯೇ ದಾರಿ. ಅಂಥ ಊರಿಗೆ 1870ರ ದಶಕದಿಂದ ಚಿತ್ರಕಾರರು ಬರತೊಡಗಿದರು. ಬೆಳಕಿಗಾಗಿ ಬಂದರು ಅಂತ ಎಲ್ಲರೂ ಹೇಳುತ್ತಾರೆ. ನನಗನಿಸುವುದು, ಮೀನುಗಾರರಿಗಾಗಿಯೂ ಬಂದರು. ಅವರ ಚಿತ್ರ ನೋಡಿ ಪ್ರವಾಸಿಗರು ಬಂದರು. ಕೆಂಪು ಹೆಂಚಿನ ಅಂಚಿಗೆ ಬಿಳಿ ಬಳಿದ ಹಳದಿ ಮನೆಗಳು ಈಗ ಎಷ್ಟೋ ಮಂದಿಯ ಬೇಸಿಗೆ ಮನೆ.

ಸ್ಕೇಯನ್ ಮ್ಯೂಸಿಯಂ ಬಿಡಬೇಡಿ. ಅನ್ನಾ ಆಂಕರ್, ಆ ಗುಂಪಿನಲ್ಲಿ ಈ ಊರಲ್ಲೇ ಹುಟ್ಟಿದ ಒಬ್ಬಳೇ ಚಿತ್ರಕಾರ್ತಿ, 1859ರಲ್ಲಿ. ಅವಳ ಅಪ್ಪನದೇ ಬ್ರೋಂದುಮ್ ಹೋಟೆಲು, ಚಿತ್ರಕಾರರು ಕೂಡುತ್ತಿದ್ದ ಜಾಗ. ಆ ಹೋಟೆಲಿನ ಊಟದ ಕೋಣೆಯನ್ನೇ, ಗೋಡೆಯ ಚಿತ್ರಗಳ ಸಮೇತ, ಎತ್ತಿ ತಂದು ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಅದೇ ಗುಂಪಿನ ಕ್ರೋಯರ್ ಬರೆದ ನೀಲಿ ಸಂಜೆಯ ಚಿತ್ರದ ಮುಂದೆ ಜನ ಸೇರಿದ್ದರು. ಅಮ್ಮ ಮಾತ್ರ ಅನ್ನಾಳ ಗಂಡ ಮಿಕಾಯೆಲ್ ಆಂಕರ್‌ನ ಒಂದು ಚಿತ್ರದ ಮುಂದೆ ನಿಂತುಬಿಟ್ಟಳು. ದಂಡೆಯಲ್ಲಿ ನಿಂತ ಮೀನುಗಾರರ ಗುಂಪು, ಎಲ್ಲರೂ ಕಡಲಿನ ಕಡೆ ನೋಡುತ್ತಿದ್ದಾರೆ. ಯಾವ ದೋಣಿ, ಏನಾಯಿತು, ಚಿತ್ರದಲ್ಲಿಲ್ಲ. ಅವನು ಆ ತುದಿ ದಾಟಿ ಬರುತ್ತಾನಾ ಅಂತ ಚಿತ್ರದ ಹೆಸರು. ನಾನು ಹೆಸರು ಓದಿ ಹೇಳುವ ಮೊದಲೇ ಅಮ್ಮ ಕೇಳಿದಳು: 'ಯಾರ್ ಬರ್ಲಿಲ್ಲೆ?'

ಮಾರನೇ ದಿನ ಅಮ್ಮ ಮಲಗಿದ್ದಾಗ ಸೈಕಲ್ ಬಾಡಿಗೆಗೆ ತೆಗೆದುಕೊಂಡು ಮರಳಿನಲ್ಲಿ ಹೂತ ಚರ್ಚಿಗೆ ಹೋದೆ. ಊರಿಂದ ನಾಲ್ಕು ಕಿಲೋಮೀಟರ್ ಆಸುಪಾಸು. ಎದುರು ಗಾಳಿ ಹೇಗಿತ್ತೆಂದರೆ ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕು. ಜನ ಮರ ಕಡಿದರು, ದನ ಕುರಿ ಮೇಯಿಸಿದರು, ಹಿಡಿತ ತಪ್ಪಿದ ಮರಳು ಗಾಳಿಗೆ ಹಾರಿ ಹೊಲಗಳನ್ನೂ ಈ ಸಂತ ಲಾರೆನ್ಸ್ ಚರ್ಚನ್ನೂ ಮುಚ್ಚಿತು. 18ನೇ ಶತಮಾನದ ಕೊನೆಗೆ ಪ್ರಾರ್ಥನೆಗೆ ಬಂದವರು ಮೊದಲು ಬಾಗಿಲ ಮುಂದಿನ ಮರಳು ತೋಡಬೇಕಿತ್ತು. 1795ರಲ್ಲಿ ಸಾಕೆಂದು ಮುಚ್ಚಿದರು. ಗೋಪುರವನ್ನು ಮಾತ್ರ ಹಡಗಿನವರಿಗೆ ಗುರುತಾಗಲಿ ಅಂತ ಉಳಿಸಿದರು. ಬಿಳಿ ಗೋಪುರ, ಸುತ್ತ ಕುರುಚಲು ಪೈನ್ ಮರ, ಅಷ್ಟೇ. ನಮ್ಮಲ್ಲಿ ಕಡಲ್ಕೊರೆತ, ಇಲ್ಲಿ ಮರಳು. ಆ ಮರಳು ಇನ್ನೂ ನಡೆಯುವುದನ್ನು ನೋಡಬೇಕಿದ್ದರೆ ದಕ್ಷಿಣಕ್ಕೆ ರೋಬ್ಯಾರ್ಗ್ ಮೀಲೆ ದಿಬ್ಬವಿದೆ. ಸುಮಾರು 40 ಮೀಟರ್ ಎತ್ತರ, ವರ್ಷಕ್ಕೆ ಹದಿನೈದು ಮೀಟರಿಗೂ ಜಾಸ್ತಿ ಸರಿಯುತ್ತದೆ. ಬೇರೆ ಕಡೆ ಹುಲ್ಲು, ಮರ ನೆಟ್ಟು ಮರಳು ಕಟ್ಟಿಹಾಕಿದ ಸರ್ಕಾರ ಇದನ್ನೊಂದು ಬೇಕೆಂದೇ ಬಿಟ್ಟಿದೆ. ನಾನು ಹೋಗಲಿಲ್ಲ, ಕಾಲು ಸೋತಿತ್ತು.

ತುದಿಗೆ, ಅಂದರೆ ಗ್ರೇನನ್‌ಗೆ, ಕೊನೆಗೆ ಹೋದೆವು. ಅಮ್ಮನ ಮಂಡಿ ನೋವಿಗೆ 'ಸಾಂಡ್‌ಓರ್ಮನ್' ಇತ್ತು, ಟ್ರ್ಯಾಕ್ಟರ್ ಎಳೆಯುವ ಬಸ್ಸು. ಮರಳುಹುಳ ಅಂತ ಹೆಸರಿನ ಅರ್ಥ. ಎಡಗಡೆ ಸ್ಕಾಗರಾಕ್, ಬಲಗಡೆ ಕಾಟೆಗಾಟ್, ನಡುವೆ ಅಲೆಗಳು ಎರಡೂ ಕಡೆಯಿಂದ ಬಂದು ಡಿಕ್ಕಿ ಹೊಡೆಯುತ್ತವೆ. ಸೆಳೆತ ಜೋರು, ಈಜುವುದು ನಿಷೇಧ. ಫೋಟೋಗೆಂದು ಕಾಲು ನೆನೆಸಿಕೊಂಡರೆ ಸಾಕು. ಮರವಂತೆಯಲ್ಲಿ ಒಂದು ಕಡೆ ಹೊಳೆ, ಒಂದು ಕಡೆ ಕಡಲು ನೋಡುತ್ತಾ ಬಸ್ಸಿನಲ್ಲಿ ಓಡಾಡಿದವಳಿಗೆ ಇದು ದೊಡ್ಡ ವಿಷಯ ಅನಿಸಲಿಲ್ಲ. ದೂರದಲ್ಲಿ ಲಂಗರು ಹಾಕಿದ ಹಡಗುಗಳನ್ನು ಎಣಿಸುತ್ತಾ ಕೂತಳು. ಹದಿನಾಲ್ಕು ಅಂದಳು.

ಹೊರಡುವ ದಿನ ಅದೇ ಅಂಗಡಿಯಲ್ಲಿ ಹೊಗೆಯಲ್ಲಿ ಬೇಯಿಸಿದ ಬಂಗುಡೆ ಎರಡು ಕೊಂಡೆವು. ಮೂರು ಕವರಿನಲ್ಲಿ ಸುತ್ತಿದರೂ ರೈಲಿನ ಡಬ್ಬಿ ಪೂರ್ತಿ ವಾಸನೆ. ಎದುರಿನ ಅಜ್ಜ ಮೂಗೆಳೆದು ತಲೆಯಾಡಿಸಿದ, ಬೇಜಾರಿನಿಂದಲ್ಲ. ರಾತ್ರಿ ಮನೆಯಲ್ಲಿ ಅಮ್ಮ ಮುಳ್ಳು ಬಿಡಿಸಿ, ಸೂಪರ್‌ಮಾರ್ಕೆಟ್ಟಿನ ಒಣ ಕೊಬ್ಬರಿ ತುರಿ, ಒಣಮೆಣಸು, ಹುಣಸೆಹಣ್ಣು ಹಾಕಿ ಒಣಮೀನಿನ ಚಟ್ನಿಯ ಹಾಗೆ ಮಾಡಿದಳು. ಗಂಜಿ ಜೊತೆ ಎರಡು ಹೊತ್ತಿಗೆ ಬಂತು.