ನೆಟ್‌ರನ್ನರ್: ಸ್ಪರ್ಧೆಗೆ ಕಾರ್ಪ್ ಡೆಕ್ ಕಟ್ಟುವ ಲೆಕ್ಕಾಚಾರ

ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ನೆಟ್‌ರನ್ನರ್ ಎಂಬ ಕಾರ್ಡ್ ಆಟ 1996ರಲ್ಲಿ ಮೊದಲು ಪ್ರಕಟವಾಗಿ, 2012ರಲ್ಲಿ ಹೊಸ ರೂಪದಲ್ಲಿ ಮರಳಿ ಬಂತು. ಈಗ ಅದನ್ನು ನಲ್ ಸಿಗ್ನಲ್ ಗೇಮ್ಸ್ ಎಂಬ ಆಟಗಾರರದೇ ಸಂಸ್ಥೆ ಮುಂದುವರಿಸುತ್ತಿದೆ. ಈ ಆಟದಲ್ಲಿ ಇಬ್ಬರಿಗೂ ಒಂದೇ ಪಾತ್ರವಿಲ್ಲ. ಒಬ್ಬರು ಅಜೆಂಡಾಗಳನ್ನು ಸರ್ವರ್‌ಗಳಲ್ಲಿ ಬಚ್ಚಿಟ್ಟು ಸ್ಕೋರ್ ಮಾಡಲೆತ್ನಿಸುವ ಕಾರ್ಪ್, ಇನ್ನೊಬ್ಬರು ಅವನ್ನು ಕದಿಯಲು ನುಗ್ಗುವ ರನ್ನರ್. ಮೊದಲು 7 ಅಜೆಂಡಾ ಅಂಕ ಗಳಿಸಿದವರು ಗೆಲ್ಲುತ್ತಾರೆ. ಸ್ಪರ್ಧೆಗೆ ಎರಡೂ ಡೆಕ್ ಒಯ್ಯಬೇಕಾಗುತ್ತದೆಯಾದರೂ, ಹೊಸಬರು ಹೆಚ್ಚಾಗಿ ಎಡವುವುದು ಕಾರ್ಪ್ ಡೆಕ್‌ನಲ್ಲಿ ಎಂಬುದು ನನ್ನ ಅನಿಸಿಕೆ. ಆದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕಾರ್ಡ್ ಆಟಗಳ ಸಾಮಾನ್ಯ ಬುದ್ಧಿಮಾತು ಡೆಕ್ ಆದಷ್ಟು ಚಿಕ್ಕದಿರಲಿ ಎನ್ನುತ್ತದೆ. ಕಾರ್ಪ್ ಡೆಕ್‌ಗೆ ಅದು ಹೊಂದುವುದಿಲ್ಲ. ಕನಿಷ್ಠ 45 ಕಾರ್ಡ್ ಬೇಡುವ ಕಂಪನಿಯನ್ನು ಆರಿಸಿಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. ನಿಯಮದ ಪ್ರಕಾರ 45ರಿಂದ 49 ಕಾರ್ಡ್‌ಗಳ ಡೆಕ್‌ನಲ್ಲಿ 20 ಅಥವಾ 21 ಅಜೆಂಡಾ ಅಂಕಗಳಿರಬೇಕು. 45ಕ್ಕೂ ಅಷ್ಟೇ, 49ಕ್ಕೂ ಅಷ್ಟೇ. ಹೀಗಾಗಿ 49ಕ್ಕೆ ಏರಿಸಿದರೆ ಅದೇ ಅಂಕಗಳು ಇನ್ನೂ 4 ಕಾರ್ಡ್‌ಗಳ ನಡುವೆ ಚದುರುತ್ತವೆ, ರನ್ನರ್ ನಿಮ್ಮ ಡೆಕ್‌ನ ಮೇಲಿನ ಕಾರ್ಡ್ ಇಣುಕಿದಾಗ ಅಜೆಂಡಾ ಸಿಗುವ ಸಾಧ್ಯತೆ ತುಸು ಇಳಿಯುತ್ತದೆ. 9 ಅಜೆಂಡಾಗಳಿದ್ದರೆ ಆ ಸಾಧ್ಯತೆ 45ರಲ್ಲಿ ಶೇ. 20, 49ರಲ್ಲಿ ಶೇ. 18ರಷ್ಟು. ಅಂತರ ಸಣ್ಣದು, ಆದರೆ ಪುಕ್ಕಟೆಯಾಗಿ ಸಿಗುವಂಥದ್ದು.

ಆ 9 ಎಲ್ಲಿಂದ ಬಂತೆಂದರೆ, ಮೂರಂಕದ ಎರಡು ಮತ್ತು ಎರಡಂಕದ ಏಳು ಅಜೆಂಡಾ ಸೇರಿದರೆ ಸರಿಯಾಗಿ 20 ಅಂಕ. ಬರೀ ಎರಡಂಕದವನ್ನೇ ತುಂಬಿದರೆ ಎದುರಾಳಿ ನಾಲ್ಕು ಅಜೆಂಡಾ ಕದಿಯಬೇಕಾಗುತ್ತದೆ, ಆದರೆ ನೀವೂ ನಾಲ್ಕನ್ನು ಸ್ಕೋರ್ ಮಾಡಬೇಕಾಗುತ್ತದೆ. ಮೂರಂಕದ್ದು ಒಂದು ಕೈಗೂಡಿದರೆ ಉಳಿದ ದಾರಿ ಎರಡೇ ಹೆಜ್ಜೆ. ವೇಗವೇ ನಿಮ್ಮ ಬಲವಾದರೆ ಮೊದಲನೆಯದು, ಗಟ್ಟಿ ಸರ್ವರ್ ಒಂದನ್ನು ಕಟ್ಟಿ ಅದರೊಳಗೆ ದೊಡ್ಡದನ್ನು ಮಾಗಿಸುವುದು ನಿಮ್ಮ ಯೋಜನೆಯಾದರೆ ಎರಡನೆಯದು. ಇದನ್ನು ತೀರ್ಮಾನಿಸದೆ ಬೇರೆ ಕಾರ್ಡ್‌ಗಳಿಗೆ ಕೈಹಾಕಬೇಡಿ.

ಮಿಕ್ಕ 40ರಲ್ಲಿ 15ರಿಂದ 17 ಐಸ್ ಕಾರ್ಡ್‌ಗಳು (ಸರ್ವರ್ ಕಾಯುವ ತಡೆಗಳು) ಮತ್ತು ಹಣ ತರುವ 10ರಿಂದ 12 ಕಾರ್ಡ್‌ಗಳು ಇರಲಿ. ಉಳಿದ ಜಾಗ ನಿಮ್ಮ ಯೋಜನೆಯದು. ನನ್ನ ಮೊದಲ ಡೆಕ್‌ನಲ್ಲಿ ಹಣದ ಕಾರ್ಡ್‌ಗಳು ಆರೇ ಇದ್ದವು. ಮೇಜಿನ ಮೇಲೆ ಭಾರೀ ಐಸ್ ಸಾಲಾಗಿ ಮಲಗಿರುತ್ತಿತ್ತು, ರನ್ನರ್ ಎದುರು ಬಂದಾಗ ಅದನ್ನು ರೆಜ್ ಮಾಡಲು, ಅಂದರೆ ಬೆಲೆ ತೆತ್ತು ಮುಖ ತೋರಿಸಲು, ನನ್ನ ಬಳಿ ಎರಡು ಕ್ರೆಡಿಟ್ ಉಳಿದಿರುತ್ತಿತ್ತು. ಹೆಡ್ಜ್ ಫಂಡ್‌ನಂಥ ಸಾದಾ ಕಾರ್ಡ್ 5 ಕ್ರೆಡಿಟ್ ಪಡೆದು 9 ಕೊಡುತ್ತದೆ. ಒಂದು ಕ್ಲಿಕ್‌ಗೆ, ಅಂದರೆ ಸರದಿಯ ಒಂದು ನಡೆಗೆ, 4 ಲಾಭ. ಬರಿಗೈಯಲ್ಲಿ ಕ್ಲಿಕ್ ಮಾಡಿದರೆ ಸಿಗುವುದು ಒಂದೇ. ಅದರ ಮೂರು ಪ್ರತಿಗಳನ್ನು ಬಿಡಲು ಬಲವಾದ ಕಾರಣ ಬೇಕು. ಬೇರೆ ಬಣದ ಕಾರ್ಡ್‌ಗಳಿಗೆ ಸಾಮಾನ್ಯವಾಗಿ ಸಿಗುವ 15 ಇನ್‌ಫ್ಲುಯೆನ್ಸ್ ಅಂಕಗಳನ್ನು ಸೊಗಸಿನ ಕಾರ್ಡ್‌ಗೆ ಸುರಿಯದೆ, ನಿಮ್ಮ ಬಣದಲ್ಲಿ ಇಲ್ಲದ್ದನ್ನು ತುಂಬಿಕೊಳ್ಳಲು ಬಳಸಿ.

ಆಡುವಾಗ ಎಣಿಸಬೇಕಾದದ್ದು ಎದುರಾಳಿಯ ಹಣವನ್ನು. ಪ್ಯಾಲಿಸೇಡ್ ಎಂಬ ಐಸ್ ಅನ್ನೇ ತೆಗೆದುಕೊಳ್ಳಿ: ರೆಜ್ ಬೆಲೆ 3, ಬಲ 2, ಆದರೆ ರಿಮೋಟ್ ಸರ್ವರ್ (ಅಜೆಂಡಾ ಇಡಲು ಕಾರ್ಪ್ ಹೊಸದಾಗಿ ಕಟ್ಟುವ ಸರ್ವರ್) ಕಾಯುವಾಗ ಬಲ 4. ಎದುರಾಳಿಯ ಬಳಿ ಕೊರೋಡರ್ ಎಂಬ ಬ್ರೇಕರ್, ಅಂದರೆ ಐಸ್ ಮುರಿಯುವ ಕಾರ್ಡ್, ಇದೆ; ಅದರ ಬಲ 2, ಒಂದೊಂದು ಬಲ ಏರಿಸಲು 1 ಕ್ರೆಡಿಟ್, ಒಂದು ಸಬ್‌ರುಟೀನ್ (ಐಸ್‌ನ ಮೇಲೆ ಬರೆದ ತಡೆಯ ಆದೇಶ; ಪ್ಯಾಲಿಸೇಡ್‌ನಲ್ಲಿ ಒಂದೇ) ಮುರಿಯಲು 1. ರಿಮೋಟ್‌ನಲ್ಲಿ ಒಂದು ಪ್ಯಾಲಿಸೇಡ್ ದಾಟಲು 3 ಕ್ರೆಡಿಟ್, ಏರಿಸಿದ ಬಲ ಮುಂದಿನ ಐಸ್‌ಗೆ ಉಳಿಯದಿರುವುದರಿಂದ ಎರಡು ದಾಟಲು 6.

ಎದುರಾಳಿಯ ಕೈಯಲ್ಲಿ 2 ಕ್ರೆಡಿಟ್ ಇದ್ದರೆ, ನಾಲ್ಕು ಕ್ಲಿಕ್‌ಗಳಲ್ಲಿ ಮೂರನ್ನು ಹಣಕ್ಕೆ ಬಳಸಿ 5 ಕ್ರೆಡಿಟ್ ಹಿಡಿದು ನಾಲ್ಕನೆಯದರಲ್ಲಿ ನುಗ್ಗಬಹುದು. ಒಂದು ಕ್ರೆಡಿಟ್ ಸಾಲದೆ ನಿಲ್ಲುತ್ತಾರೆ. 3 ಇದ್ದರೆ ಕಥೆಯೇ ಬೇರೆ: ಎರಡು ಕ್ಲಿಕ್‌ಗೆ 5 ಆಗುತ್ತದೆ, ಮೂರನೆಯದಕ್ಕೆ ಶ್ಯೂರ್ ಗ್ಯಾಂಬಲ್ (ಹೆಡ್ಜ್ ಫಂಡ್‌ನಂತೆಯೇ 5 ಪಡೆದು 9 ಕೊಡುವ ರನ್ನರ್ ಕಾರ್ಡ್) ಆಡಿ 9 ಮಾಡಿಕೊಳ್ಳುತ್ತಾರೆ, ನಾಲ್ಕನೆಯದಕ್ಕೆ ನಿರಾಯಾಸವಾಗಿ ಒಳಗೆ ಬರುತ್ತಾರೆ. ಆದ್ದರಿಂದ ಎದುರಾಳಿ 3ರಿಂದ 2ಕ್ಕೆ ಇಳಿಯುವ ಗಳಿಗೆಗಾಗಿ ಕಾಯಿರಿ. ಅವರಿಗೆ ಹಣ ತರುವ ಬೇರೆ ಕಾರ್ಡ್ ಮೇಜಿನ ಮೇಲಿದ್ದರೆ ಅದನ್ನೂ ಕೂಡಿಸಿ.

ನಿಮ್ಮ ಕಡೆಯ ಲೆಕ್ಕವೂ ಸೇರಬೇಕು. ಐದು ಬಾರಿ ಅಡ್ವಾನ್ಸ್ (ಒಂದು ಕ್ಲಿಕ್ ಮತ್ತು 1 ಕ್ರೆಡಿಟ್ ಕೊಟ್ಟು ಅಜೆಂಡಾವನ್ನು ಒಂದು ಹೆಜ್ಜೆ ಮುಂದೊಯ್ಯುವುದು) ಬೇಡುವ ಮೂರಂಕದ ಅಜೆಂಡಾವನ್ನು ಒಂದು ಕ್ಲಿಕ್‌ನಲ್ಲಿ ಇಟ್ಟು ಎರಡು ಬಾರಿ ಅಡ್ವಾನ್ಸ್ ಮಾಡಲು 2 ಕ್ರೆಡಿಟ್, ಎರಡು ಪ್ಯಾಲಿಸೇಡ್ ರೆಜ್ ಮಾಡಲು 6, ಮುಂದಿನ ಸರದಿಯ ಮೂರೂ ಕ್ಲಿಕ್‌ಗಳು ಅಡ್ವಾನ್ಸ್‌ಗೇ ಹೋಗುವುದರಿಂದ ಅದಕ್ಕೆ ಮೊದಲೇ 3. ಒಟ್ಟು 11 ಕ್ರೆಡಿಟ್ ಕೈಯಲ್ಲಿಲ್ಲದೆ ಈ ಆಟ ಶುರುಮಾಡಿದರೆ, ಎದುರಾಳಿ ಬಾಗಿಲಲ್ಲೇ ನಿಂತರೂ ಅಜೆಂಡಾ ಅರ್ಧಕ್ಕೇ ಉಳಿಯುತ್ತದೆ.

ರನ್ನರ್ ಡೆಕ್‌ನಲ್ಲಿ ಮಾತ್ರ 45ಕ್ಕಿಂತ ಒಂದು ಕಾರ್ಡ್ ಹೆಚ್ಚು ಬೇಡ. ಅಲ್ಲಿ ಅಜೆಂಡಾಗಳಿಲ್ಲ, ಬೇಕಾದದ್ದು ಬೇಗ ಕೈಗೆ ಬರಬೇಕು ಅಷ್ಟೇ. ಒಂದು ಕಾರ್ಡ್‌ನ ಮೂರು ಪ್ರತಿಗಳಿದ್ದರೆ ಮೊದಲ ಐದು ಕಾರ್ಡ್‌ಗಳಲ್ಲಿ ಅದು ಸಿಗುವ ಸಾಧ್ಯತೆ ಶೇ. 30, ಸಿಗದಿದ್ದಾಗ ಒಮ್ಮೆ ಕೈ ಬದಲಿಸಿಕೊಂಡರೆ ಶೇ. 52. ಒಂದೇ ಪ್ರತಿಯಿದ್ದರೆ ಮೊದಲ ಕೈಯಲ್ಲಿ ಶೇ. 11. ಬ್ಯಾರಿಯರ್, ಕೋಡ್ ಗೇಟ್, ಸೆಂಟ್ರಿ ಎಂಬ ಮೂರೂ ಬಗೆಯ ಐಸ್‌ಗೆ ಬ್ರೇಕರ್ ಬೇಕು. ಒಂದೊಂದೇ ಪ್ರತಿ ಇಡುವುದಾದರೆ ಹುಡುಕಿ ತರುವ ಕಾರ್ಡ್‌ಗಳು ಜೊತೆಗಿರಲಿ.

ಡೆಕ್ ಸಿದ್ಧವಾದ ಮೇಲೆ ಕನಿಷ್ಠ ಹತ್ತು ಆಟ ಆಡಿ, ಪ್ರತಿ ಆಟದ ಕೊನೆಗೆ ಕೈಯಲ್ಲಿ ಆಡಲಾಗದೆ ಉಳಿದ ಕಾರ್ಡ್‌ಗಳ ಹೆಸರು ಬರೆದಿಡಿ. ಒಂದೇ ಹೆಸರು ನಾಲ್ಕೈದು ಬಾರಿ ಬಂದರೆ ಆ ಕಾರ್ಡ್ ಎಷ್ಟೇ ಇಷ್ಟವಾಗಿದ್ದರೂ ತೆಗೆಯಿರಿ. ಒಮ್ಮೆಗೆ ಎರಡು ಮೂರಕ್ಕಿಂತ ಹೆಚ್ಚು ಕಾರ್ಡ್ ಬದಲಿಸಬೇಡಿ, ಇಲ್ಲವಾದರೆ ಡೆಕ್ ಸುಧಾರಿಸಿದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ.