ಹೊಸ ಕಂಪ್ಯೂಟರ್, ಮೇಲಿಂದ ಮೇಲೆ ಡ್ರೈವರ್ ಕ್ರ್ಯಾಶ್: ನಾನು ಕಾರಣ ಹುಡುಕಿದ ಬಗೆ

ಬಿಡಿ ಭಾಗ ತಂದು ಕಂಪ್ಯೂಟರ್ ಜೋಡಿಸಿದವರಿಗೆ ಒಂದು ಕಷ್ಟ ಇದೆ. ಹಳೆಯ ಮಷೀನ್ ಕೈಕೊಟ್ಟರೆ "ನಿನ್ನೆವರೆಗೂ ಸರಿಯಿತ್ತು, ಈಗ ಏನು ಬದಲಾಯ್ತು?" ಅಂತ ಕೇಳಿಕೊಳ್ಳಬಹುದು. ಹೊಸದಕ್ಕೆ ಆ ನಿನ್ನೆಯೇ ಇಲ್ಲ. ಎಲ್ಲ ಭಾಗವೂ ಹೊಸದು, ಎಲ್ಲದರ ಮೇಲೂ ಅನುಮಾನ.

ನನ್ನ ಮಷೀನ್ ಕೊಡುತ್ತಿದ್ದ ಕಾಟ ಹೀಗಿತ್ತು. ಇದ್ದಕ್ಕಿದ್ದಂತೆ ಸ್ಕ್ರೀನ್ ಕಪ್ಪಾಗುತ್ತಿತ್ತು. ಫ್ಯಾನ್‌ಗಳು ತಿರುಗುತ್ತಲೇ ಇರುತ್ತಿದ್ದವು. ಹಾಡು ಹಾಕಿದ್ದರೆ ಅದೂ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಚಿತ್ರ ವಾಪಸ್ ಬರುತ್ತಿತ್ತು, ಆದರೆ ತೆರೆದಿದ್ದ ಗೇಮ್ ಮುಚ್ಚಿಹೋಗಿರುತ್ತಿತ್ತು. ಕೆಲವು ಸಲ ಚಿತ್ರ ಬರುವ ಬದಲು ನೀಲಿ ಸ್ಕ್ರೀನ್ ಬರುತ್ತಿತ್ತು. ಅದರಲ್ಲಿ 'ವಿಡಿಯೋ ಟಿಡಿಆರ್ ಫೇಲ್ಯೂರ್' ಎಂಬ ಸಾಲು.

ಈ ಟಿಡಿಆರ್ ಏನು ಅಂತ ಮೊದಲು ತಿಳಿದುಕೊಂಡಿದ್ದು ಒಳ್ಳೆಯದಾಯಿತು. ಇದು ವಿಂಡೋಸ್ ವಿಸ್ಟಾ ಕಾಲದಿಂದ ಇರುವ ವ್ಯವಸ್ಥೆ. ವಿಂಡೋಸ್ ಗ್ರಾಫಿಕ್ಸ್ ಕಾರ್ಡಿಗೆ ಡ್ರೈವರ್ ಮೂಲಕ, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್ ಮೂಲಕ, ಕೆಲಸ ಒಪ್ಪಿಸಿ ಕಾಯುತ್ತದೆ. ಕಾರ್ಡ್ 2 ಸೆಕೆಂಡಿನೊಳಗೆ ಆ ಕೆಲಸ ಮುಗಿಸಬೇಕು, ಇಲ್ಲವೇ ಬಿಟ್ಟುಕೊಡಬೇಕು. ಎರಡೂ ಆಗದಿದ್ದರೆ ಕಾರ್ಡ್ ನಿಂತುಹೋಗಿದೆ ಎಂದು ತಿಳಿದು ವಿಂಡೋಸ್ ಡ್ರೈವರನ್ನು ಮತ್ತೆ ಶುರು ಮಾಡುತ್ತದೆ. ಅದೂ ಕೈಗೂಡದಿದ್ದರೆ, ಅಥವಾ ಒಂದೇ ನಿಮಿಷದಲ್ಲಿ ಹೀಗೆ ಮತ್ತೆ ಮತ್ತೆ ಆದರೆ, ನೀಲಿ ಸ್ಕ್ರೀನ್. ಅಂದರೆ 'ಡಿಸ್‌ಪ್ಲೇ ಡ್ರೈವರ್ ಸ್ಪಂದಿಸುತ್ತಿಲ್ಲ' ಎಂಬ ಸಂದೇಶ ಹೇಳುವುದು ಇಷ್ಟೇ: ಕೇಳಿದ್ದಕ್ಕೆ ಹೊತ್ತಿಗೆ ಸರಿಯಾಗಿ ಉತ್ತರ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದು ಅದರಲ್ಲಿ ಇರುವುದಿಲ್ಲ. ಡ್ರೈವರ್ ಕೆಟ್ಟಿರಬಹುದು, ಕಾರ್ಡ್ ಕೆಟ್ಟಿರಬಹುದು, ಕರೆಂಟ್ ಸಾಲದಿರಬಹುದು, ರ‍್ಯಾಮ್ ತಪ್ಪು ಮಾಹಿತಿ ಕೊಟ್ಟಿರಬಹುದು, ನಡುವಿನ ದಾರಿಯಲ್ಲೇ ಮಾಹಿತಿ ಹಾಳಾಗಿರಬಹುದು. ಹೆಸರು ಮಾತ್ರ ಡ್ರೈವರಿನದು ಬರುತ್ತದೆ.

ಆ 2 ಸೆಕೆಂಡನ್ನು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) 8 ಅಥವಾ 10 ಮಾಡಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ದೊಡ್ಡ ರೆಂಡರಿಂಗ್ ಕೆಲಸ ಮಾಡುವವರಿಗೆ ಅದು ನಿಜವಾಗಿಯೂ ಬೇಕಾಗುತ್ತದೆ. ಗೇಮ್ ತೆರೆದಾಗ ಅಥವಾ ವಿಡಿಯೋ ನೋಡುವಾಗ ಕ್ರ್ಯಾಶ್ ಆಗುವವರಿಗೆ ಅದರಿಂದ ಆಗುವುದು ಒಂದೇ, ಕಪ್ಪು ಸ್ಕ್ರೀನನ್ನು ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ನೋಡುವುದು. ನಾನು ಅದನ್ನು ಮುಟ್ಟಲಿಲ್ಲ.

ಡ್ರೈವರಿನ ಕೆಲಸ ಬೇಗ ಮುಗಿಸಿದೆ. ಇಂಟರ್‌ನೆಟ್ ಕೇಬಲ್ ಕಿತ್ತು, ಸೇಫ್ ಮೋಡ್‌ಗೆ ಹೋಗಿ, ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಓಡಿಸಿ ಹಳೆಯದನ್ನು ಪೂರ್ತಿ ಅಳಿಸಿದೆ. ಇಂಟರ್‌ನೆಟ್ ಕೀಳುವುದು ಯಾಕೆಂದರೆ, ನಾವು ನಮ್ಮ ಡ್ರೈವರ್ ಹಾಕುವ ಮೊದಲೇ ವಿಂಡೋಸ್ ಅಪ್‌ಡೇಟ್ ತನ್ನದೊಂದನ್ನು ತಂದು ಕೂರಿಸಿಬಿಡುತ್ತದೆ. ಮೊದಲು ಹೊಸ ಆವೃತ್ತಿ ಹಾಕಿ ನೋಡಿದೆ, ಆಮೇಲೆ ಅದಕ್ಕಿಂತ ಹಳೆಯದು. ಎರಡರಲ್ಲೂ ಕ್ರ್ಯಾಶ್. ಒಂದರಲ್ಲಿ ಆಗಿ ಇನ್ನೊಂದರಲ್ಲಿ ಆಗದೆ ಇದ್ದಿದ್ದರೆ ಡ್ರೈವರನ್ನೇ ಬೆನ್ನು ಹತ್ತುತ್ತಿದ್ದೆ. ಎರಡರಲ್ಲೂ ಒಂದೇ ರೀತಿ ಆದಮೇಲೆ ಮೂರನೆಯದು, ನಾಲ್ಕನೆಯದು ಅಂತ ಸುಮ್ನೆ ಹಾಕುತ್ತಾ ಕೂರುವುದರಲ್ಲಿ ಅರ್ಥವಿರಲಿಲ್ಲ.

ಇಲ್ಲಿಂದ ಮುಂದೆ ಒಂದು ಹಾಳೆ ಇಟ್ಟುಕೊಂಡೆ. ಕ್ರ್ಯಾಶ್ ಆದಾಗಲೆಲ್ಲ ಹೊತ್ತು ಮತ್ತು ಆಗ ಏನು ಮಾಡುತ್ತಿದ್ದೆ ಎಂಬುದನ್ನು ಬರೆಯುವುದು, ಅಷ್ಟೇ. ಕೆಲವೇ ಸಾಲು ತುಂಬುವಷ್ಟರಲ್ಲಿ ಒಂದು ವಿಷಯ ಎದ್ದು ಕಂಡಿತು. ಗೇಮ್ ಜೋರಾಗಿ ನಡೆಯುವಾಗ ಕ್ರ್ಯಾಶ್ ತೀರಾ ಕಡಿಮೆ. ಗೇಮ್ ತೆರೆಯುವಾಗ, ಗೇಮಿನಿಂದ ಡೆಸ್ಕ್‌ಟಾಪಿಗೆ ಬಂದಾಗ, ಬ್ರೌಸರಿನಲ್ಲಿ ವಿಡಿಯೋ ಶುರುವಾಗುವಾಗ ಜಾಸ್ತಿ. ಕಾರ್ಡ್ ಸುಮ್ಮನಿರುವ ಸ್ಥಿತಿಯಿಂದ ದುಡಿಯುವ ಸ್ಥಿತಿಗೆ ಏರುವ ಆ ಗಳಿಗೆಯಲ್ಲೇ ಬೀಳುತ್ತಿತ್ತು.

ಇದನ್ನು ಖಚಿತ ಮಾಡಿಕೊಳ್ಳಲು ಫರ್‌ಮಾರ್ಕ್ ಓಡಿಸಿದೆ. ಅದು ಕಾರ್ಡಿಗೆ ಒಂದೇ ಸಮನೆ ಭಾರ ಹಾಕುತ್ತದೆ. ತುಂಬ ಹೊತ್ತು ಬಿಟ್ಟರೂ ಏನೂ ಆಗಲಿಲ್ಲ. ಬಿಸಿಯೂ ಮಿತಿಯೊಳಗೇ ಇತ್ತು. ಫರ್‌ಮಾರ್ಕ್ ಪಾಸಾಯಿತು, ಹಾಗಾಗಿ ಹಾರ್ಡ್‌ವೇರ್ ಸರಿಯಿದೆ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದು ಪಾಸಾದರೆ ತಂಪಾಗಿಸುವ ವ್ಯವಸ್ಥೆ ಮತ್ತು ಸತತ ಕರೆಂಟ್ ಸರಿಯಿವೆ ಎಂದು ನಂಬಬಹುದು. ಏರಿಳಿತದ ಪರೀಕ್ಷೆ ಅದರಲ್ಲಿ ಆಗುವುದೇ ಇಲ್ಲ.

ಏರಿಳಿತ ಅಂದಕೂಡಲೇ ನನಗೆ ಅನುಮಾನ ಬಂದಿದ್ದು ಪವರ್ ಸಪ್ಲೈ ಮೇಲೆ. ಈಗಿನ ಕಾರ್ಡುಗಳು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ತಮ್ಮ ಹೇಳಿಕೆಯ ವ್ಯಾಟ್‌ಗಿಂತ ಎಷ್ಟೋ ಜಾಸ್ತಿ ಎಳೆದುಬಿಡುತ್ತವೆ. ಪವರ್ ಸಪ್ಲೈ ತಯಾರಕರು ಪಾಲಿಸುವ ಎಟಿಎಕ್ಸ್ 3.0 ನಿಯಮದಲ್ಲಿ ಪವರ್ ಸಪ್ಲೈ 100 ಮೈಕ್ರೋಸೆಕೆಂಡಿನ ಮಟ್ಟಿಗೆ ತನ್ನ ಸಾಮರ್ಥ್ಯದ ಎರಡರಷ್ಟನ್ನು ತಾಳಬೇಕು ಎಂದು ಸೇರಿಸಿದ್ದೇ ಇದಕ್ಕಾಗಿ. ಕೇಬಲ್‌ಗಳನ್ನು ನೋಡಿದೆ. ಕಾರ್ಡ್ ಕೂರುವ ಮದರ್‌ಬೋರ್ಡಿನ ಸ್ಲಾಟಿನಿಂದ 75 ವ್ಯಾಟ್, ಒಂದೊಂದು 8 ಪಿನ್ ಕನೆಕ್ಟರಿನಿಂದ 150 ವ್ಯಾಟ್, ಇದು ಲೆಕ್ಕ. ಒಂದೇ ಕೇಬಲಿನ ತುದಿಯಲ್ಲಿ ಎರಡು ತಲೆ ಇದ್ದರೆ ಎರಡನ್ನೂ ಕಾರ್ಡಿಗೆ ಚುಚ್ಚಿ ಕೆಲಸ ಮುಗಿಸಬಹುದು. ಆದರೆ ಹೆಚ್ಚು ವ್ಯಾಟ್ ಎಳೆಯುವ ಕಾರ್ಡಿಗೆ ಎರಡು ಬೇರೆ ಬೇರೆ ಕೇಬಲ್ ಎಳೆಯುವುದೇ ಸರಿ. ನನ್ನದರಲ್ಲಿ ಬೇರೆ ಬೇರೆಯೇ ಇದ್ದವು. ಕಿತ್ತು, 'ಟಕ್' ಎಂದು ಸದ್ದು ಬರುವ ತನಕ ಮತ್ತೆ ಕೂರಿಸಿದೆ. ಏನೂ ಬದಲಾಗಲಿಲ್ಲ. ಇಲ್ಲೊಂದು ಎಚ್ಚರಿಕೆ. ಪರೀಕ್ಷೆಗೆಂದು ಬೇರೆ ಪವರ್ ಸಪ್ಲೈ ತಂದರೆ ಅದರ ಜೊತೆ ಬಂದ ಕೇಬಲ್‌ಗಳನ್ನೇ ಬಳಸಿ. ಹಳೆಯದರ ಕೇಬಲ್ ಹೊಸದಕ್ಕೆ ಹೊಂದುವಂತೆ ಕಂಡರೂ ಒಳಗೆ ಪಿನ್‌ಗಳ ಜೋಡಣೆ ಬೇರೆ ಇರಬಹುದು. ಆಗ ಸುಡುವುದು ಬರೀ ಕೇಬಲ್ ಅಲ್ಲ.

ಆಮೇಲೆ ರ‍್ಯಾಮ್. ಹೊಸ ಮಷೀನಿನಲ್ಲಿ ಎಲ್ಲರೂ ಬಯೋಸ್‌ಗೆ (ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್ ಪುಟ) ಹೋಗಿ ಮಾಡುವ ಮೊದಲ ಕೆಲಸ, ರ‍್ಯಾಮನ್ನು ಪ್ಯಾಕೆಟ್ ಮೇಲಿನ ವೇಗಕ್ಕೆ ಏರಿಸುವ ಪ್ರೊಫೈಲ್ ಆದ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡುವುದು, ಅಲ್ವಾ? ಪ್ಯಾಕೆಟ್ ಮೇಲೆ 6000 ಅಂತ ಬರೆದಿರುತ್ತದೆ, ಅದು ನಮ್ಮ ಹಕ್ಕು ಅನ್ನಿಸುತ್ತದೆ. ನಿಜಕ್ಕೂ ಅದು ಓವರ್‌ಕ್ಲಾಕ್, ಅಂದರೆ ಮಾಮೂಲು ವೇಗಕ್ಕಿಂತ ಜಾಸ್ತಿ ಓಡಿಸುವುದು. ಮದರ್‌ಬೋರ್ಡ್, ಪ್ರೊಸೆಸರಿನೊಳಗಿನ ಮೆಮರಿ ಕಂಟ್ರೋಲರ್, ರ‍್ಯಾಮ್ ಮೂರೂ ಒಪ್ಪಿದರೆ ಮಾತ್ರ ನಡೆಯುತ್ತದೆ. ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ಮಾಹಿತಿ ಬಹುಪಾಲು ರ‍್ಯಾಮ್ ಮೂಲಕವೇ ಹಾದುಹೋಗುವುದರಿಂದ ರ‍್ಯಾಮಿನ ತಪ್ಪು ಡ್ರೈವರ್ ಕ್ರ್ಯಾಶ್ ವೇಷದಲ್ಲಿ ಬರುವುದು ಸಾಮಾನ್ಯ. ಪ್ರೊಫೈಲ್ ಆಫ್ ಮಾಡಿ ಮಾಮೂಲು ವೇಗಕ್ಕೆ ಇಳಿಸಿದೆ, ಡಿಡಿಆರ್5ಗೆ ಅದು ಸಾಮಾನ್ಯವಾಗಿ 4800. ಆಗಲೂ ಕ್ರ್ಯಾಶ್ ಆಯಿತು. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಓಡಿಸಿದೆ, ಒಂದೂ ತಪ್ಪು ಸಿಗಲಿಲ್ಲ.

ರ‍್ಯಾಮನ್ನು ಬಿಡಲು ಇನ್ನೊಂದು ಕಾರಣವೂ ಇತ್ತು. ರ‍್ಯಾಮ್ ಕೆಟ್ಟಿದ್ದರೆ ತೊಂದರೆ ಒಂದೇ ಕಡೆ ನಿಲ್ಲುವುದಿಲ್ಲ. ಬ್ರೌಸರಿನ ಟ್ಯಾಬ್ ಬೀಳುತ್ತದೆ, ಜಿಪ್ ಫೈಲ್ ಬಿಚ್ಚುವಾಗ ತಪ್ಪು ಬರುತ್ತದೆ, ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತದೆ, ನೀಲಿ ಸ್ಕ್ರೀನಿನಲ್ಲಿ ಸಲಕ್ಕೊಂದು ಹೆಸರು ಕಾಣುತ್ತದೆ. ನನ್ನದರಲ್ಲಿ ಪ್ರತಿ ಸಲವೂ ಗ್ರಾಫಿಕ್ಸ್ ಒಂದೇ ಬೀಳುತ್ತಿತ್ತು.

ಪ್ರೊಸೆಸರ್ ಬಗ್ಗೆಯೂ ಎರಡು ಮಾತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಗೇಮ್ ಶುರುವಾಗುವಾಗ ವಿಡಿಯೋ ಮೆಮರಿ ಸಾಲದು ಎಂಬ ಸಂದೇಶ ಬರುತ್ತಿತ್ತು. ಜನ ಗ್ರಾಫಿಕ್ಸ್ ಕಾರ್ಡನ್ನು ಬೈದರು, ಮೂಲ ಇದ್ದದ್ದು ಪ್ರೊಸೆಸರಿಗೆ ಹೋಗುತ್ತಿದ್ದ ವೋಲ್ಟೇಜಿನಲ್ಲಿ. 2024ರಲ್ಲಿ ಇಂಟೆಲ್ ಅದಕ್ಕೆ ಹೊಸ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಸೂಚನೆಗಳು) ಹೊರತಂದಿತು, ಅದು ಬಯೋಸ್ ಅಪ್‌ಡೇಟ್ ಮೂಲಕ ಬರುತ್ತದೆ. ನನ್ನ ಪ್ರೊಸೆಸರ್ ಆ ಗುಂಪಿನದಲ್ಲ. ಆದರೂ ಬಯೋಸ್ ಹೊಸದು ಹಾಕಿದೆ. ಹೊಸ ಮದರ್‌ಬೋರ್ಡ್ ಪೆಟ್ಟಿಗೆಯಲ್ಲಿ ಎಷ್ಟು ತಿಂಗಳು ಕೂತಿತ್ತೋ, ಅದರ ಬಯೋಸ್ ಕನಿಷ್ಠ ಅಷ್ಟು ಹಳೆಯದಾಗಿರುತ್ತದೆ.

ದಾರಿ ಸಿಕ್ಕಿದ್ದು ಈವೆಂಟ್ ವ್ಯೂವರಿನಲ್ಲಿ, ಅಂದರೆ ವಿಂಡೋಸ್ ಬರೆದಿಡುವ ಘಟನೆಗಳ ದಾಖಲೆ ತೋರಿಸುವ ಪ್ರೋಗ್ರಾಮಿನಲ್ಲಿ. ಅಲ್ಲಿ ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ತೆರೆದರೆ ನೂರಾರು ಸಾಲು. ಕ್ರ್ಯಾಶ್ ಆದ ಹೊತ್ತಿಗೆ ಸರಿಯಾಗಿ 'ಡಿಸ್‌ಪ್ಲೇ, 4101' ಎಂಬ ಸಾಲು ಇತ್ತು. ಡ್ರೈವರ್ ನಿಂತಿತು, ಮತ್ತೆ ಎದ್ದಿತು ಅಂತ. ಅದು ಗೊತ್ತಿದ್ದ ಸಂಗತಿ. ಹಾಗಾಗಿ ಕ್ರ್ಯಾಶ್ ಆಗದೆ ಇದ್ದ ಹೊತ್ತಿನ ಸಾಲುಗಳನ್ನು ನೋಡಲು ಶುರು ಮಾಡಿದೆ. ಅಲ್ಲಿ ಹಳದಿ ಗುರುತಿನ ಎಚ್ಚರಿಕೆಗಳು ಸಾಲುಗಟ್ಟಿದ್ದವು. ಮೂಲ 'ವ್ಹಿಯಾ ಲಾಗರ್' (WHEA-Logger, ವಿಂಡೋಸ್‌ನಲ್ಲಿ ಹಾರ್ಡ್‌ವೇರ್ ದೋಷ ದಾಖಲಿಸುವ ಭಾಗ), ಸಂಖ್ಯೆ 17. ಒಳಗೆ ಬರೆದಿದ್ದು: ಸರಿಪಡಿಸಲಾದ ಹಾರ್ಡ್‌ವೇರ್ ದೋಷ, ಭಾಗ ಪಿಸಿಐ ಎಕ್ಸ್‌ಪ್ರೆಸ್ ರೂಟ್ ಪೋರ್ಟ್. ಕೆಂಪು ಗುರುತಿನ ಸಾಲುಗಳನ್ನಷ್ಟೇ ಸೋಸಿ ನೋಡುವವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ಸರಿಪಡಿಸಲಾಗಿದೆ ಅಂತ ಬೇರೆ ಬರೆದಿರುತ್ತದೆ, ಓದಿದವರೂ ಮುಂದೆ ಹೋಗುತ್ತಾರೆ.

ಅದರ ಅರ್ಥ ಹೀಗೆ. ಪಿಸಿಐ ಎಕ್ಸ್‌ಪ್ರೆಸ್ ಅಂದರೆ ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ದಾರಿ, ಅದರಲ್ಲಿ ಮಾಹಿತಿ ಪೊಟ್ಟಣ ಪೊಟ್ಟಣವಾಗಿ ಹೋಗುತ್ತದೆ. ಪ್ರತಿ ಪೊಟ್ಟಣದ ಜೊತೆ ತಾಳೆ ನೋಡಲು ಒಂದು ಸಂಖ್ಯೆ ಇರುತ್ತದೆ. ತಾಳೆಯಾಗದಿದ್ದರೆ ಅದೇ ಪೊಟ್ಟಣವನ್ನು ಮತ್ತೆ ಕಳಿಸಲಾಗುತ್ತದೆ. ಅದೇ ಸರಿಪಡಿಸಿದ ದೋಷ. ಅಪರೂಪಕ್ಕೆ ಒಂದು ಬಂದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ರಾಶಿರಾಶಿ ಬರುತ್ತಿದ್ದರೆ ದಾರಿಯೇ ಸರಿಯಿಲ್ಲ. ಯಾವತ್ತೋ ಒಂದು ಗಳಿಗೆಯಲ್ಲಿ ಸರಿಪಡಿಸಲಾಗದಷ್ಟು ಹಾಳಾಗುತ್ತದೆ, ಕಾರ್ಡಿನಿಂದ ಉತ್ತರ ಬರುವುದಿಲ್ಲ, 2 ಸೆಕೆಂಡ್ ಕಳೆಯುತ್ತದೆ, ಡ್ರೈವರ್ ಹೆಸರು ಬರುತ್ತದೆ.

ಹಾಳೆಯಲ್ಲಿ ಬರೆದಿದ್ದಕ್ಕೂ ಇದು ಹೊಂದಿಕೊಂಡಿತು. ಕೆಲಸವಿಲ್ಲದಾಗ ಕರೆಂಟ್ ಉಳಿಸಲು ಕಾರ್ಡ್ ತನ್ನ ಪಿಸಿಐ ಎಕ್ಸ್‌ಪ್ರೆಸ್ ವೇಗವನ್ನು ಮೊದಲ ತಲೆಮಾರಿನ ಮಟ್ಟಕ್ಕೆ ಇಳಿಸಿಕೊಳ್ಳುತ್ತದೆ. ಕೆಲಸ ಬಂದಾಗ ನಾಲ್ಕನೇ ತಲೆಮಾರಿಗೆ ಏರುತ್ತದೆ. ಅಂದರೆ ಪ್ರತಿ ಲೇನಿಗೆ (ಆ ದಾರಿಯ ಒಂದೊಂದು ಸಾಲಿಗೆ) ಸೆಕೆಂಡಿಗೆ 2.5 ಗಿಗಾಟ್ರಾನ್ಸ್‌ಫರ್‌ನಿಂದ 16ಕ್ಕೆ. ಹಾಗೆ ಏರುವಾಗ ಎರಡೂ ತುದಿಗಳು ಹೊಸ ವೇಗಕ್ಕೆ ಹೊಂದಾಣಿಕೆ ಮಾಡಿಕೊಳ್ಳಬೇಕು. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಎಂಬ ಪ್ರೋಗ್ರಾಮಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಬಸ್ ಇಂಟರ್‌ಫೇಸ್ ಎಂಬಲ್ಲಿ ಸುಮ್ಮನಿರುವಾಗ 1.1, ಅಂದರೆ ಮೊದಲ ತಲೆಮಾರು, ಅಂತ ಇರುತ್ತದೆ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಅಲ್ಲಿರುವ ಸಣ್ಣ ಪರೀಕ್ಷೆ ಓಡಿಸಿದರೆ 4.0ಗೆ ಜಿಗಿಯುತ್ತದೆ. ನಾನು ಅದನ್ನು ಓಡಿಸಿ ನಿಲ್ಲಿಸಿ ಮಾಡಿದಾಗಲೆಲ್ಲ ಈವೆಂಟ್ ವ್ಯೂವರಿನಲ್ಲಿ ಹೊಸ 17ಗಳು ಬಂದು ಕೂರುತ್ತಿದ್ದವು.

ಈಗ ಅನುಮಾನ ಒಂದೇ ಕಡೆ ನಿಂತಿತು. ನನ್ನ ಕ್ಯಾಬಿನೆಟ್‌ನಲ್ಲಿ ಕಾರ್ಡನ್ನು ಗಾಜಿನ ಕಡೆ ಮುಖ ಮಾಡಿ ನಿಲ್ಲಿಸುವ ವ್ಯವಸ್ಥೆ ಇದೆ. ಕಾರ್ಡ್ ನೇರ ಸ್ಲಾಟಿಗೆ ಹೋಗದೆ ಒಂದು ರೈಸರ್ ಕೇಬಲ್ ಮೂಲಕ ಹೋಗುತ್ತದೆ. ಕೇಬಲ್ ಕ್ಯಾಬಿನೆಟ್ ಜೊತೆಗೇ ಬಂದದ್ದು. ಯಾವ ತಲೆಮಾರಿನದು ಅಂತ ಅದರ ಮೇಲೆ ಎಲ್ಲೂ ಬರೆದಿರಲಿಲ್ಲ. ಮೂರನೇ ತಲೆಮಾರಿಗೆ ಮಾಡಿದ ರೈಸರಿನಲ್ಲೂ ನಾಲ್ಕನೇ ತಲೆಮಾರಿನ ಕಾರ್ಡ್ ಎಷ್ಟೋ ಸಲ ಬೂಟ್ ಆಗುತ್ತದೆ, ಚಿತ್ರವೂ ಬರುತ್ತದೆ. ಅದೇ ದೊಡ್ಡ ತಲೆನೋವು. ಬೂಟ್ ಆಗದೇ ಇದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಕೇಬಲ್ ಕೀಳುವ ಮೊದಲು ಬಯೋಸ್‌ಗೆ ಹೋಗಿ ಆ ಸ್ಲಾಟಿನ ವೇಗವನ್ನು 'ಆಟೋ'ದಿಂದ 'ಜೆನ್ 3'ಗೆ, ಅಂದರೆ ಮೂರನೇ ತಲೆಮಾರಿಗೆ, ಬದಲಿಸಿದೆ. ಬೇರೇನನ್ನೂ ಮುಟ್ಟಲಿಲ್ಲ. ಎಚ್ಚರಿಕೆಗಳು ನಿಂತವು, ಕ್ರ್ಯಾಶ್‌ಗಳೂ ನಿಂತವು. ಮತ್ತೆ 'ಆಟೋ' ಮಾಡಿದೆ, ಎರಡೂ ವಾಪಸ್. ಆಮೇಲೆ ಕೇಬಲ್ ತೆಗೆದು ಕಾರ್ಡನ್ನು ನೇರ ಸ್ಲಾಟಿಗೆ ಹಾಕಿ 'ಆಟೋ'ದಲ್ಲೇ ಬಿಟ್ಟೆ. ನಾಲ್ಕನೇ ತಲೆಮಾರಿನ ಪೂರ್ತಿ ವೇಗದಲ್ಲಿ ಒಂದೂ ಎಚ್ಚರಿಕೆ ಇಲ್ಲ. ಈ ಮೂರನ್ನೂ ಮಾಡಿದ್ದರಿಂದಲೇ ಕಾರ್ಡ್, ಮದರ್‌ಬೋರ್ಡ್ ಎರಡೂ ಸರಿಯಿವೆ, ತೊಂದರೆ ಕೇಬಲಿನದೇ ಅಂತ ಧೈರ್ಯವಾಗಿ ಹೇಳಬಹುದಾಯಿತು. ಬರೀ ಜೆನ್ 3 ಮಾಡಿ ಸುಮ್ಮನಾಗಿದ್ದರೆ ಸ್ಲಾಟಿನ ಮೇಲೆ ಅನುಮಾನ ಉಳಿದೇ ಇರುತ್ತಿತ್ತು.

ರೈಸರ್ ಇಟ್ಟುಕೊಂಡು ಜೆನ್ 3ರಲ್ಲೇ ಮುಂದುವರಿಯುವುದೂ ತಪ್ಪಲ್ಲ. 16 ಲೇನಿನ ಕಾರ್ಡಾದರೆ ಗೇಮ್‌ಗಳಲ್ಲಿ ವ್ಯತ್ಯಾಸ ಸಾಮಾನ್ಯವಾಗಿ ತೀರಾ ಸಣ್ಣದು. 8 ಅಥವಾ 4 ಲೇನ್ ಮಾತ್ರ ಇರುವ ಕಾರ್ಡುಗಳಿಗೆ, ಅದರಲ್ಲೂ ಕಾರ್ಡಿನ ಸ್ವಂತ ಮೆಮರಿ ತುಂಬಿ ಹರಿಯುವ ಗೇಮ್‌ಗಳಲ್ಲಿ, ಪೆಟ್ಟು ಜಾಸ್ತಿ ಬೀಳುತ್ತದೆ. ನಾನು ನೇರ ಸ್ಲಾಟನ್ನೇ ಆರಿಸಿಕೊಂಡೆ. ಕಾರ್ಡ್ ಭಾರ ಇರುವುದರಿಂದ ಕೆಳಗೆ ಒಂದು ಆಸರೆ ಕೊಟ್ಟೆ. ಹೀಗೆ ಹಾಕಿದರೆ ಗಾಜಿನಿಂದ ಕಾಣುವ ಚೆಂದ ಕಡಿಮೆ, ನಿಜ.

ರೈಸರ್ ಇಲ್ಲದವರಿಗೂ 17 ಕಂಡರೆ ನೋಡಬೇಕಾದ್ದು ಅದೇ ದಾರಿಯನ್ನು. ಕಾರ್ಡನ್ನು ಕಿತ್ತು ಮತ್ತೆ ಕೂರಿಸಿ. ಹಿಂಬದಿಯ ಸ್ಕ್ರೂ ಬಿಗಿ ಮಾಡುವಾಗ ಕಾರ್ಡ್ ಒಂದು ಕಡೆ ಎತ್ತಿಕೊಳ್ಳುತ್ತದೆಯೇ ನೋಡಿ. ಚಿನ್ನದ ಬಣ್ಣದ ಪಟ್ಟಿಯ ಮೇಲೆ ಕೊಳೆ ಇದ್ದರೆ ಒರೆಸಿ. ಆ ಎಚ್ಚರಿಕೆಯೊಳಗೆ ಬಸ್, ಡಿವೈಸ್ ಸಂಖ್ಯೆಗಳೂ ಇರುತ್ತವೆ. ಅವನ್ನು ಡಿವೈಸ್ ಮ್ಯಾನೇಜರಿನಲ್ಲಿ ಹೋಲಿಸಿ ನೋಡಿ. ಯಾಕೆಂದರೆ ಅದೇ 17 ಒಂದು ಎಂ.2 ಎಸ್‌ಎಸ್‌ಡಿಯಿಂದಲೋ ವೈಫೈ ಕಾರ್ಡಿನಿಂದಲೋ ಬರುತ್ತಿರಬಹುದು. ಕೆಲವು ಮದರ್‌ಬೋರ್ಡುಗಳು ಈ ದೋಷಗಳನ್ನು ವಿಂಡೋಸ್‌ಗೆ ತಿಳಿಸುವುದೇ ಇಲ್ಲ. ಹಾಗಾಗಿ ಲಾಗಿನಲ್ಲಿ ಏನೂ ಕಾಣದಿದ್ದರೂ ಜೆನ್ 3 ಪರೀಕ್ಷೆ ಒಂದು ಸಲ ಮಾಡಿ, ಎರಡು ನಿಮಿಷದ ಕೆಲಸ.

ಇಷ್ಟೆಲ್ಲ ಆದಮೇಲೂ ಕ್ರ್ಯಾಶ್ ನಿಲ್ಲದಿದ್ದರೆ ಕಾರ್ಡನ್ನು ಸರಿಯಾಗಿ ಓಡುತ್ತಿರುವ ಬೇರೊಂದು ಮಷೀನಿಗೆ ಹಾಕಿ ನೋಡಿ. ಅಲ್ಲೂ ಬಿದ್ದರೆ ಕಾರ್ಡನ್ನು ವಾರಂಟಿಗೆ ಕಳಿಸಿ. ಮಾರಿದವರಿಗೆ "ಡ್ರೈವರ್ ಕ್ರ್ಯಾಶ್ ಆಗ್ತಿದೆ" ಅಂತಷ್ಟೇ ಬರೆದರೆ ಡ್ರೈವರ್ ಮತ್ತೆ ಹಾಕಿ ಎಂಬ ಉತ್ತರ ಬರುತ್ತದೆ. ಯಾವ ಎರಡು ಮಷೀನ್, ಯಾವ ಡ್ರೈವರ್ ಆವೃತ್ತಿಗಳು, ಲಾಗಿನ ಯಾವ ಸಂಖ್ಯೆ ಎಂಬುದನ್ನು ಬರೆಯಿರಿ. ಕೇಬಲ್ ಬಗ್ಗೆ ನಾನು ಹಾಗೆ ಬರೆದು ಲಾಗಿನ ಚಿತ್ರಗಳನ್ನು ಸೇರಿಸಿದ್ದೆ, ಬದಲಿ ಕೇಬಲ್ ಕಳಿಸಲು ಮರುಮಾತಿಲ್ಲದೆ ಒಪ್ಪಿದರು.