ಹಾಲಿಗೆ ಹಿಟ್ಟು ಬೆರೆತಿದೆಯಾ? ಎರಡು ಹನಿ ಅಯೋಡಿನ್ ಹಾಕಿ ನೋಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಬಿಡಿ ಹಾಲು ತರಿಸುವವರು ಮೆಡಿಕಲ್ ಶಾಪಿನಿಂದ ಒಂದು ಸಣ್ಣ ಬಾಟಲಿ ಟಿಂಚರ್ ಅಯೋಡಿನ್ ತಂದಿಟ್ಟುಕೊಳ್ಳಿ. 2-3 ಮಿ.ಲೀ. ಹಾಲಿಗೆ 5 ಮಿ.ಲೀ. ನೀರು ಸೇರಿಸಿ ಕುದಿಸಿ. ಪೂರ್ತಿ ಆರಿದ ಮೇಲೆ 2-3 ಹನಿ ಹಾಕಿ. ನೀಲಿ ಬಣ್ಣ ಬಂತೆಂದರೆ ಮೈದಾ, ಅಕ್ಕಿಹಿಟ್ಟಿನಂಥ ಪಿಷ್ಟ ಬೆರೆತಿದೆ. ಹಾಲಿನಲ್ಲಿ ಪಿಷ್ಟ ತಾನಾಗಿ ಇರುವುದೇ ಇಲ್ಲ. ನೀರು ಹಾಕಿ ತೆಳ್ಳಗಾದ ಹಾಲನ್ನು ಮತ್ತೆ ಗಟ್ಟಿ ಮಾಡಲು ಹಿಟ್ಟು ಬೆರೆಸುತ್ತಾರೆ. ಕುದಿಸಿದರೆ ಪಿಷ್ಟ ಬಿಚ್ಚಿಕೊಳ್ಳುತ್ತದೆ, ಅಯೋಡಿನ್ ಅದಕ್ಕೆ ಅಂಟಿ ನೀಲಿಯಾಗುತ್ತದೆ. ಬಿಸಿ ಇದ್ದಾಗಲೇ ಹಾಕಬೇಡಿ, ಬಣ್ಣ ನಿಲ್ಲುವುದಿಲ್ಲ. ಪಾತ್ರೆ, ಚಮಚ ಚೆನ್ನಾಗಿ ತೊಳೆದಿರಬೇಕು. ಅನ್ನದ ಗಂಜಿ ಸ್ವಲ್ಪ ಅಂಟಿದ್ದರೂ ನೀಲಿ ಬರುತ್ತದೆ, ಸುಮ್ನೆ ಗೌಳಿಗಳ ಮೇಲೆ ಅನುಮಾನ ಪಡುವಂತಾಗುತ್ತದೆ. ಪಂಚಮಿಗೋ ದೀಪಾವಳಿಗೋ ಖೋವಾ ತಂದಾಗಲೂ ಇದೇ ಪರೀಕ್ಷೆ ಮಾಡಬಹುದು, ಚೂರು ಖೋವಾವನ್ನು ನೀರಲ್ಲಿ ಕುದಿಸಿದರಾಯಿತು. ಆದರೆ ನೀಲಿ ಬರಲಿಲ್ಲ ಅಂದ ಮಾತ್ರಕ್ಕೆ ಹಾಲು ಶುದ್ಧ ಅಂತಲ್ಲ. ಬರೀ ನೀರು, ಯೂರಿಯಾ, ಸಕ್ಕರೆ ಇದರಲ್ಲಿ ಗೊತ್ತಾಗುವುದಿಲ್ಲ. ಡಿಟರ್ಜೆಂಟ್ ಅನುಮಾನವಿದ್ದರೆ ಹಾಲಿಗೆ ಅಷ್ಟೇ ನೀರು ಹಾಕಿ ಜೋರಾಗಿ ಕುಲುಕಿ; ದಟ್ಟ ನೊರೆ ನಿಂತರೆ ಆ ಹಾಲು ಬೇಡ. ಎಮ್ಮೆ ಹಾಲು ಮೊದಲೇ ಗಟ್ಟಿ, ಹಾಗಾಗಿ ಗಟ್ಟಿತನ ನೋಡಿ ಮಾತ್ರ ತೀರ್ಮಾನಿಸಬೇಡಿ. ಪರೀಕ್ಷೆ ಮಾಡಿದ ಹಾಲು ಚೆಲ್ಲಿಬಿಡಿ, ಬೆಕ್ಕಿಗೂ ಹಾಕಬೇಡಿ.